ಕರೆಂಟ್ ಹೋಯ್ತಾ ಮಗಾ?

ಜಗಲಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತರೆ ಸಾಕು, ನಮ್ಮೂರು ಮುಳ್ಳೂರಿನಲ್ಲಿ ಯಾರಾದರೊಬ್ಬರು ಬಂದು ಬೆನ್ನ ಹಿಂದೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾರೆ. ಆಮೇಲೆ ಮರುಕದಿಂದ ಕೇಳುತ್ತಾರೆ: “ಯಾಕ್ ಮಗಾ, ಕರೆಂಟ್ ಹೋಯ್ತಾ?” ಅವರದೇನೂ ತಪ್ಪಿಲ್ಲ. ಪರದೆ ಪೂರ್ತಿ ಕಪ್ಪಗಿರುತ್ತದೆ. ಅದರೊಳಗೆ ನಾಲ್ಕಾರು ಸಾಲು ಬಿಳಿ ಅಕ್ಷರ, ಕೊನೆಗೆ ಮಿಣಮಿಣ ಎನ್ನುವ ಒಂದು ಗೀಟು, ಅಷ್ಟೇ. ಅವರು ಕಂಡಿರುವ ಕಂಪ್ಯೂಟರುಗಳು ಬೇರೆ ಜಾತಿಯವು. ಕೊಳ್ಳೇಗಾಲದ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೊಡುವುದು, ಗ್ರಾಮ ಒನ್ ಕೇಂದ್ರದಲ್ಲಿ ಬಣ್ಣಬಣ್ಣದ ಅರ್ಜಿ ತೋರಿಸುವುದು, ಸ್ಟುಡಿಯೊ ಹುಡುಗ ಮದುವೆಯ ವಿಡಿಯೊ ಕತ್ತರಿಸಿ ಜೋಡಿಸುವುದು. ಅವುಗಳಲ್ಲಿ ಹೂವಿರುತ್ತದೆ, ಸೂರ್ಯೋದಯವಿರುತ್ತದೆ, ಏನಿಲ್ಲವೆಂದರೂ ಮಲೆ ಮಾದಪ್ಪನ ಒಂದು ಫೋಟೊ ಇರುತ್ತದೆ. ನನ್ನದರಲ್ಲಿ ದೇವರೂ ಇಲ್ಲ, ಬೆಳಕೂ ಇಲ್ಲ.

ಮೈಸೂರಿನ ಒಂದು ಕಂಪನಿಯ ಸರ್ವರುಗಳನ್ನು ನೋಡಿಕೊಳ್ಳುವುದು ನನ್ನ ಕಸುಬು. ಇದನ್ನು ಊರಿನವರಿಗೆ ವಿವರಿಸುವ ಆಸೆಯನ್ನು ಬಿಟ್ಟು ಬಹಳ ಕಾಲವಾಯಿತು. ‘ಕಂಪ್ಯೂಟರ್ ಕಲ್ತವ್ನು’ ಎಂಬ ಒಂದೇ ಹಣೆಪಟ್ಟಿಯಲ್ಲಿ ನನ್ನಿಂದ ಡಿಶ್ ಬುಟ್ಟಿ ತಿರುಗಿಸಿಕೊಂಡಿದ್ದಾರೆ, ಹಾಲಿನ ಡೈರಿಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಕೀಳಿಸಿದ್ದಾರೆ, ಹೊಸ ಮಿಕ್ಸಿಗೆ ವೈರು ಜೋಡಿಸಿಕೊಂಡಿದ್ದಾರೆ. ನಾನು ಮೌಸ್ ಮುಟ್ಟದೆ ಬರೀ ಟೈಪು ಮಾಡುವುದನ್ನು ನೋಡಿ ನೋಡಿ ಬೇಸರಗೊಂಡ ದೊಡ್ಡವ್ವ ಒಂದು ದಿನ ಕೇಳಿಯೇಬಿಟ್ಟಳು: “ಒಂದ್ ಮೌಸ್ ತಕ್ಕೊಡಾಕೂ ಗತಿ ಇಲ್ವಾ ಆ ಕಂಪ್ನಿಗ?” ಅವಳ ಮಟ್ಟಿಗೆ ನನ್ನದು ಬಡ ಕಂಪನಿ, ನಾನು ಅಲ್ಲಿಯ ಗುಮಾಸ್ತ.

2020ರಲ್ಲಿ ಲಾಕ್‌ಡೌನ್ ಆದಾಗ ಎಲ್ಲರಂತೆ ನಾನೂ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದೆ. ಆ ವರ್ಷ ಜೂನ್ ತನಕ ಚಾಮರಾಜನಗರ ಜಿಲ್ಲೆಯಲ್ಲಿ ಕೊರೊನಾದ ಒಂದು ಪ್ರಕರಣವೂ ಇರಲಿಲ್ಲ ಎಂಬುದು ನಮ್ಮವರಿಗೆ ಭಾರಿ ಹೆಮ್ಮೆ. ಮೈಸೂರಿನಿಂದ ಬಂದ ನನ್ನನ್ನು ಮೊದಮೊದಲು ಹತ್ತಿರ ಸೇರಿಸಲಿಲ್ಲ. ಕೊರೊನಾ ಇಲ್ಲದ ಜಿಲ್ಲೆಯಲ್ಲಿ ನೆಟ್‌ವರ್ಕ್ ಕೂಡ ಅಷ್ಟಕ್ಕಷ್ಟೇ. ಮೊಬೈಲನ್ನು ಮಾಳಿಗೆಯ ಮೂಲೆಯಲ್ಲಿ ನೀರಿನ ತೊಟ್ಟಿಯ ಮೇಲಿಟ್ಟು, ಅದರ ಹಾಟ್‌ಸ್ಪಾಟಿನಿಂದ ಕೆಳಗೆ ಜಗಲಿಯ ಲ್ಯಾಪ್‌ಟಾಪಿಗೆ ಜೀವ ತುಂಬುವುದು. ತೊಟ್ಟಿಯ ಮೇಲೆ ಕಾಗೆ ಕೂತರೆ ಮುಂಬೈನಲ್ಲಿರುವ ನಮ್ಮ ಕಂಪನಿಯ ಸರ್ವರು ಕೈತಪ್ಪುತ್ತಿತ್ತು.

ಆ ದಿನಗಳಲ್ಲೇ ನನಗೆ ಆ ಕಪ್ಪು ಪರದೆಯ ನಿಜವಾದ ಬೆಲೆ ತಿಳಿದದ್ದು. ಚಿತ್ರ, ಕಿಟಕಿ, ಬಟನ್ನುಗಳಿರುವ ಪುಟ ತೆರೆಯಬೇಕಾದರೆ ನಮ್ಮೂರ ನೆಟ್ಟಿನಲ್ಲಿ ಮುದ್ದೆ ಉಂಡು ಕೈ ತೊಳೆದು ಬರಬಹುದು. ಅಕ್ಷರಕ್ಕೆ ಆ ಭಾರವಿಲ್ಲ. ಎಸ್‌ಎಸ್‌ಎಚ್ ಎಂಬ ದಾರಿಯಲ್ಲಿ ನಾನು ಒತ್ತಿದ ಒಂದೊಂದು ಕೀಲಿಯೂ ಗುಟ್ಟಾಗಿ ಆ ಕಡೆಯ ಯಂತ್ರಕ್ಕೆ ಹೋಗುತ್ತದೆ, ಅದರ ಉತ್ತರ ಹಾಗೇ ಈ ಕಡೆಗೆ ಬರುತ್ತದೆ. ಒಂದು ಕಡ್ಡಿ ನೆಟ್‌ವರ್ಕ್ ಇದ್ದರೂ ಕೆಲಸ ನಡೆಯುತ್ತದೆ. ತೊಂದರೆ ಏನೆಂದರೆ, ಸಂಪರ್ಕ ಕಡಿದರೆ ಆಗ ನಡೆಯುತ್ತಿದ್ದ ಕೆಲಸವೂ ಅಲ್ಲೇ ಸಾಯುತ್ತದೆ. ಅದಕ್ಕೆ ಮದ್ದು ಟಿಮಕ್ಸ್. ಸರ್ವರಿನ ಒಳಗೆ ಹೋದ ಕೂಡಲೇ ಮೊದಲು ‘ಟಿಮಕ್ಸ್’ ಎಂದು ಟೈಪಿಸಿ ಆಮೇಲೆ ಬೇರೆ ಕೆಲಸ ಹಚ್ಚಬೇಕು. ಈ ಕಡೆ ಕರೆಂಟ್ ಹೋಗಲಿ, ಕಾಗೆ ಕೂರಲಿ, ಆ ಕಡೆ ಕೆಲಸ ನಡೆಯುತ್ತಲೇ ಇರುತ್ತದೆ. ಮತ್ತೆ ಒಳಗೆ ಹೋಗಿ ‘ಟಿಮಕ್ಸ್ ಅಟ್ಯಾಚ್’ ಎಂದರೆ ಬಿಟ್ಟಲ್ಲಿಂದಲೇ ಪರದೆ ಎದ್ದು ಬರುತ್ತದೆ. ಇದು 2007ರದ್ದು, ಇದಕ್ಕೂ ಮೊದಲು, 1987ರಿಂದಲೇ, ಸ್ಕ್ರೀನ್ ಎಂಬುದು ಇದೇ ಕೆಲಸ ಮಾಡುತ್ತಿತ್ತು. ಯಾವುದೋ ದೇಶದಲ್ಲಿ ಕೂತು ಇದನ್ನು ಬರೆದವರಿಗೂ ನಮ್ಮೂರಿನಂಥದೇ ಒಂದು ಊರು ಇದ್ದಿರಬೇಕು ಎಂದು ನನ್ನ ಗುಮಾನಿ.

ಕರೆಂಟಿನ ಮಾತು ಬಂದಾಗಲೆಲ್ಲ ನಮ್ಮ ಕಡೆಯ ಹಿರಿಯರು ಶಿವನಸಮುದ್ರದ ಕಡೆ ಕೈ ತೋರಿಸುತ್ತಾರೆ. ಊರ ಪಕ್ಕದ ಕಾವೇರಿ ಹೊಳೆಯ ಜಾಡು ಹಿಡಿದು ಕೆಳಕ್ಕೆ ಹೋದರೆ ಸಿಗುವ ಜಾಗ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಪಕ್ಕದ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿ ಆರಲು ಮಾತ್ರ ಎಷ್ಟೋ ದಶಕ ಬೇಕಾಯಿತು. ದೂರದಿಂದ ಆಳಿಸಿಕೊಳ್ಳುವುದೂ ನಮ್ಮ ತಾಲ್ಲೂಕಿಗೆ ಹೊಸದಲ್ಲ. 1956ರ ತನಕ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮಜ್ಜ ಒಂದು ಜಮೀನಿನ ತಕರಾರಿಗೆ ಕೊಯಮತ್ತೂರಿನ ತನಕ ಅಲೆದು, ವ್ಯಾಜ್ಯ ಸೋತು, ತಮಿಳು ಕಲಿತು ಬಂದಿದ್ದರಂತೆ. ಅವರ ಮೊಮ್ಮಗ ಅದೇ ಜಗಲಿಯಲ್ಲಿ ಕೂತು ಮುಂಬೈನ ಯಂತ್ರವನ್ನು ಆಳುತ್ತಿದ್ದಾನೆಂದರೆ ಲೆಕ್ಕ ಒಂದಿಷ್ಟು ಚುಕ್ತಾ ಆದಂತೆ.

ಆಳುವುದು ಅಂದೆ. ನಿಜವಾಗಿ ನೋಡಿದರೆ ಇಡೀ ದಿನ ನಾನು ಮಾಡುವುದು ವಿಚಾರಿಸಿಕೊಳ್ಳುವ ಕೆಲಸ. ಒಳಗೆ ಹೋದವನು ಮೊದಲು ಕೇಳುವುದು ‘ಪಿಡಬ್ಲ್ಯುಡಿ’. ನಾನೀಗ ಯಾವ ಫೋಲ್ಡರಿನಲ್ಲಿ ನಿಂತಿದ್ದೇನೆ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ. ದೊಡ್ಡವ್ವನಿಗೆ ಇದನ್ನು ಹೇಳಿದಾಗ ಅವಳಿಗೆ ಕಣ್ಣ ಮುಂದೆ ಬಂದದ್ದು ರಸ್ತೆಗೆ ಜಲ್ಲಿ ಹಾಕುವ ಇಲಾಖೆ. “ಅವ್ರೂ ನಿನ್ನೊಳ್ಗ ಅವ್ರಾ?” ಎಂದಳು. ಎರಡನೆಯದು ‘ಎಲ್‌ಎಸ್’, ಇಲ್ಲಿ ಏನೇನಿದೆ ಎಂದು. ಮೂರನೆಯದು ‘ಅಪ್‌ಟೈಮ್’, ಮಲಗದೆ ಎಷ್ಟು ದಿನವಾಯಿತು, ಮೈಮೇಲೆ ಎಷ್ಟು ಹೊರೆ ಇದೆ ಎಂದು. ಎಲ್ಲಿದ್ದೀಯ, ಮನೇಲಿ ಏನಿದೆ, ನಿದ್ದೆ ಬಂತಾ: ಊರಿನವರು ಫೋನು ಮಾಡಿದರೆ ನನ್ನನ್ನು ಕೇಳುವುದೂ ಇದೇ ಕ್ರಮದಲ್ಲಿ.

ಮರೆವಿನವರಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಇನ್ನೊಂದಿಲ್ಲ. ಮೊನ್ನೆ ಕೊಟ್ಟ ಆಜ್ಞೆ ಮರೆತಿದೆಯೇ? ಕಂಟ್ರೋಲ್ ಒತ್ತಿಹಿಡಿದು ಆರ್ ಒತ್ತಿ, ನೆನಪಿರುವ ಒಂದು ತುಣುಕನ್ನು ಟೈಪಿಸಿದರೆ ಸಾಕು, ಹಿಂದೆ ಬರೆದ ಇಡೀ ಸಾಲು ಬಂದು ನಿಲ್ಲುತ್ತದೆ. ಇನ್ನೂ ಹಿಂದಿನದು ಬೇಕೆಂದರೆ ಮತ್ತೆ ಕಂಟ್ರೋಲ್ ಆರ್. ಉದ್ದನೆಯ ಹೆಸರನ್ನು ಅರ್ಧ ಬರೆದು ಟ್ಯಾಬ್ ಒತ್ತಿದರೆ ಉಳಿದರ್ಧವನ್ನು ಅದೇ ತುಂಬಿಕೊಳ್ಳುತ್ತದೆ. ಈ ಎರಡು ಅಭ್ಯಾಸ ಬೆರಳಿಗೆ ಹತ್ತಿದ ಮೇಲೆ ನನ್ನ ಸ್ವಂತ ನೆನಪು ಎಷ್ಟು ಸೊರಗಿದೆಯೆಂದರೆ, ಅಂಗಡಿಯ ಮುಂದೆ ನಿಂತು ಅವ್ವ ಏನು ತರಲು ಹೇಳಿದ್ದಳು ಎಂದು ಯೋಚಿಸುವಾಗ ಎಡಗೈ ಬೆರಳುಗಳು ತಾವೇ ಕಂಟ್ರೋಲ್ ಆರ್ ಹುಡುಕುತ್ತವೆ.

ಸರ್ವರಿನ ಕಾಯಿಲೆಗಳಲ್ಲಿ ತೀರಾ ಸಾಮಾನ್ಯವಾದದ್ದು ಅಜೀರ್ಣ. ಡಿಸ್ಕು ತುಂಬಿಹೋಗುತ್ತದೆ, ತುಂಬಿದ ಮೇಲೆ ಒಂದೊಂದೇ ಕೆಲಸ ನಿಲ್ಲುತ್ತ ಬರುತ್ತದೆ. ರಾತ್ರಿ ಫೋನು ಬಂತೆಂದರೆ ನಾನು ಕಣ್ಣುಜ್ಜುತ್ತಲೇ ಟೈಪಿಸುವುದು ‘ಡಿಎಫ್ ಅಡ್ಡಗೆರೆ ಎಚ್’. ಎಷ್ಟು ತುಂಬಿದೆ, ಎಷ್ಟು ಖಾಲಿ ಎಂದು ಗಿಗಾಬೈಟಿನ ಲೆಕ್ಕದಲ್ಲಿ ಹೇಳುತ್ತದೆ. ತುಂಬಿಸಿದವರು ಯಾರು ಎಂಬುದಕ್ಕೆ ‘ಡಿಯು’ ಬೇಕು; ಅದರ ಉತ್ತರವನ್ನು ‘ಸಾರ್ಟ್ ಅಡ್ಡಗೆರೆ ಎಚ್’ಗೆ ಕೊಟ್ಟರೆ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸುತ್ತದೆ, ದೊಡ್ಡ ಹೊಟ್ಟೆಯವನು ಕೊನೆಯಲ್ಲಿ ಸಿಗುತ್ತಾನೆ. ಸಾಮಾನ್ಯವಾಗಿ ಯಾವುದೋ ಲಾಗ್ ಕಡತ. ಒಂದು ವಿಚಿತ್ರವೂ ಉಂಟು. ಕೆಲವು ಸಲ ಡಿಎಫ್ ತುಂಬಿದೆ ಎನ್ನುತ್ತದೆ, ಡಿಯು ಅಷ್ಟೇನೂ ಇಲ್ಲ ಎನ್ನುತ್ತದೆ. ಹೊಸಬರು ಇಲ್ಲಿ ಬೆವರುತ್ತಾರೆ. ಕಾರಣ ಇಷ್ಟೇ: ಯಾರೋ ದೊಡ್ಡ ಲಾಗ್ ಕಡತವನ್ನು ಅಳಿಸಿದ್ದಾರೆ, ಆದರೆ ಅದನ್ನು ಬರೆಯುತ್ತಿದ್ದ ಪ್ರೋಗ್ರಾಂ ಇನ್ನೂ ಅದನ್ನು ತೆರೆದು ಹಿಡಿದುಕೊಂಡಿದೆ. ಹೆಸರು ಪಟ್ಟಿಯಿಂದ ಹೋಗಿದೆ, ಜಾಗ ಬಿಟ್ಟಿಲ್ಲ. ‘ಎಲ್‌ಎಸ್‌ಓಎಫ್ ಪ್ಲಸ್ ಎಲ್ ಒಂದು’ ಎಂದರೆ ಹಿಡಿದುಕೊಂಡವನ ಹೆಸರು ಬರುತ್ತದೆ. ಆ ಪ್ರೋಗ್ರಾಮನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರುಮಾಡಿದರೆ ಜಾಗ ಖಾಲಿ. ಅದಕ್ಕೇ ಅನುಭವಿಗಳು ಲಾಗ್ ಕಡತ ಅಳಿಸುವುದಿಲ್ಲ, ಕಡತವನ್ನು ಹಾಗೇ ಇಟ್ಟು ‘ಟ್ರಂಕೇಟ್’ ಎಂಬ ಆಜ್ಞೆಯಿಂದ ಒಳಗಿನದನ್ನು ಮಾತ್ರ ಸೊನ್ನೆ ಮಾಡುತ್ತಾರೆ.

ಲಾಗ್ ಕಾಯುವುದು ಅಂದ ಕೂಡಲೇ ನನಗೆ 2019ರ ಆಗಸ್ಟ್ ನೆನಪಾಗುತ್ತದೆ. ಹಿಂದಿನ ವರ್ಷ ಒಮ್ಮೆ ಹೆದರಿಸಿ ಹೋಗಿದ್ದ ಹೊಳೆ ಆ ವರ್ಷ ಮತ್ತೆ ಏರಿತು. ನಮ್ಮೂರಿಗಿಂತ ಮೇಲೆ ತಿರುಮಕೂಡಲಿನಲ್ಲಿ ಕಪಿಲೆ, ಅಂದರೆ ಕಬಿನಿ, ಬಂದು ಕಾವೇರಿಗೆ ಸೇರುತ್ತದೆ. ಹಾಗಾಗಿ ಕೆಆರ್‌ಎಸ್ಸಿನಿಂದ ಬಿಟ್ಟರೂ ನಮಗೇ, ಕಬಿನಿಯಿಂದ ಬಿಟ್ಟರೂ ನಮಗೇ. ಎರಡೂ ಕಡೆಯಿಂದ ಒಟ್ಟಿಗೆ ಬಿಟ್ಟರೆ ದಾಸನಪುರ, ಹರಳೆ, ಮುಳ್ಳೂರಿನ ದಂಡೆಯ ಗದ್ದೆಗಳಿಗೆ ನೀರು ನುಗ್ಗುತ್ತದೆ, ಗಂಜಿ ಕೇಂದ್ರ ತೆರೆಯುತ್ತಾರೆ. ಆ ವಾರ ರಜೆ ಹಾಕಿ ಊರಿಗೆ ಬಂದಿದ್ದೆ. ರಜೆ ಎಂದರೆ ಲ್ಯಾಪ್‌ಟಾಪ್ ಜೊತೆಗಿರುವ ರಜೆ. ಜಗಲಿಯಲ್ಲಿ ನಾನು ‘ಟೇಲ್ ಅಡ್ಡಗೆರೆ ಎಫ್’ ಹಾಕಿಕೊಂಡು ಸರ್ವರಿನ ಲಾಗ್ ನೋಡುತ್ತ ಕೂತಿದ್ದೆ. ಈ ಆಜ್ಞೆ ಕಡತದ ಕೊನೆಯ ಸಾಲುಗಳನ್ನು ತೋರಿಸಿ ಸುಮ್ಮನಾಗುವುದಿಲ್ಲ. ಹೊಸ ಸಾಲು ಬಂದಂತೆಲ್ಲ ಕೆಳಗೆ ಸೇರಿಸುತ್ತ ಹೋಗುತ್ತದೆ. ಪಕ್ಕದಲ್ಲಿ ಹಿರಿಯರು ಮೊಬೈಲು ಹಿಡಿದು ಕಬಿನಿಯ ಹೊರಹರಿವಿನ ಕ್ಯುಸೆಕ್ ಲೆಕ್ಕವನ್ನು ಗಳಿಗೆಗೊಮ್ಮೆ ಕೇಳಿ ತಿಳಿದು, “ಹೊತ್ತು ಮುಳುಗೋದ್ರೊಳ್ಗ ನಮ್ತಾವ ಬತ್ತದ” ಎಂದು ಗುಣಿಸುತ್ತಿದ್ದರು. ಅವರ ಕಣ್ಣು ಕೊನೆಯ ಅಂಕಿಯ ಮೇಲೆ, ನನ್ನ ಕಣ್ಣು ಕೊನೆಯ ಸಾಲಿನ ಮೇಲೆ. ಆವತ್ತು ಮಾತ್ರ ಯಾರೂ ನನ್ನನ್ನು ಕರೆಂಟಿನ ಬಗ್ಗೆ ಕೇಳಲಿಲ್ಲ. ಒಂದು ಅನುಭವದ ಮಾತು ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬಂದೀತು: ಸಣ್ಣ ಎಫ್ ಬದಲು ದೊಡ್ಡ ಎಫ್ ಹಾಕಿ. ಅನೇಕ ಸರ್ವರುಗಳಲ್ಲಿ ದಿನಕ್ಕೊಮ್ಮೆ ಹಳೆಯ ಲಾಗ್ ಕಡತದ ಹೆಸರು ಬದಲಿಸಿ ಹೊಸದನ್ನು ಶುರುಮಾಡುವ ಏರ್ಪಾಡಿರುತ್ತದೆ. ಸಣ್ಣ ಎಫ್ ಹಳೆಯದನ್ನೇ ಕಾಯುತ್ತ ಕೂತಿರುತ್ತದೆ, ದೊಡ್ಡದು ಹೊಸದಕ್ಕೆ ದಾಟಿಕೊಳ್ಳುತ್ತದೆ.

ನೀರಿನ ಉಪಮೆ ನನ್ನೊಬ್ಬನದಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಡಗ್ ಮೆಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿ ಬರೆದು, ಪ್ರೋಗ್ರಾಮುಗಳನ್ನು ತೋಟದ ನೀರಿನ ಕೊಳವೆಗಳ ಹಾಗೆ ಒಂದಕ್ಕೊಂದು ಸಿಕ್ಕಿಸುವಂತಿರಬೇಕು ಎಂದು ಆಸೆಪಟ್ಟಿದ್ದರು. ಅದು ಕೈಗೂಡಿದ್ದು 1973ರಲ್ಲಿ. ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಪೈಪನ್ನು ಯುನಿಕ್ಸಿಗೆ ಸೇರಿಸಿದರಂತೆ. ಪೈಪ್ ಎಂದರೆ ಕೀಲಿಮಣೆಯ ನೆಟ್ಟನೆ ಗೀಟು; ಅದು ಒಂದು ಆಜ್ಞೆಯ ಉತ್ತರವನ್ನು ಇನ್ನೊಂದರ ಬಾಯಿಗೆ ಬಿಡುತ್ತದೆ. ಮೇಲೆ ಡಿಯು ಉತ್ತರವನ್ನು ಸಾರ್ಟಿಗೆ ಕೊಟ್ಟದ್ದು ಈ ಗೀಟಿನಿಂದಲೇ. ಒಂದೊಂದು ಆಜ್ಞೆಯೂ ಒಂದೇ ಕೆಲಸ ಬಲ್ಲ ದಡ್ಡ. ನಾಲ್ಕು ದಡ್ಡರನ್ನು ಸಾಲಾಗಿ ನಿಲ್ಲಿಸಿದರೆ ಒಬ್ಬ ಬುದ್ಧಿವಂತನಿಗಿಂತ ಬೇಗ ಕೆಲಸ ಮುಗಿಯುತ್ತದೆ.

ಈ ದಡ್ಡರ ಸಾಲು ಊರಿನವರೊಬ್ಬರಿಗೆ ಉಪಯೋಗಕ್ಕೆ ಬಂದ ಕತೆ ಹೇಳಬೇಕು. ನನ್ನ ಸೋದರಮಾವ ಕೊಳ್ಳೇಗಾಲದಲ್ಲಿದ್ದಾರೆ, ನಿವೃತ್ತ ಮೇಷ್ಟ್ರು. ಕಂಸಾಳೆಯವರು ಹಾಡುವ ಮಾದೇಶ್ವರನ ಕತೆ, ತಂಬೂರಿ ಹಿಡಿದ ನೀಲಗಾರರು ಹಾಡುವ ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕತೆ, ಇವನ್ನೆಲ್ಲ ಕ್ಯಾಸೆಟ್ಟಿನ ಕಾಲದಿಂದ ಸಂಗ್ರಹಿಸಿ, ಕಂಪ್ಯೂಟರ್ ಬಂದ ಮೇಲೆ ತಾವೇ ಒಂದೊಂದು ಬೆರಳಿನಲ್ಲಿ ಟೈಪಿಸಿಟ್ಟವರು. ಒಂದು ಸಂಜೆ ಪೆನ್‌ಡ್ರೈವ್ ಹಿಡಿದು ಬಂದರು. “ಅಳಿಮಯ್ಯ, ಚಿಕ್ಕಲ್ಲೂರು ಎಂಬ ಹೆಸರು ಯಾವ್ಯಾವ ಹಾಡಲ್ಲಿ ಬಂದದೆ ನೋಡಿ ಹೇಳ್ಬೇಕಲ್ಲ. ಅಲ್ಲಿಯ ಜಾತ್ರೆ ಹೊತ್ತಿಗೆ ಒಂದು ಲೇಖನ ಬರಿಯದದ” ಎಂದರು. ಇಂಥದಕ್ಕೆಂದೇ ಹುಟ್ಟಿರುವುದು ‘ಗ್ರೆಪ್’. ಹುಡುಕಬೇಕಾದ ಪದ ಕೊಟ್ಟರೆ ಸಾವಿರ ಕಡತಗಳಲ್ಲಿ ಅದಿರುವ ಸಾಲುಗಳನ್ನಷ್ಟೇ ಎತ್ತಿ ಕೊಡುತ್ತದೆ. ಮಾವನ ಮುಂದೆ ನನ್ನ ವಿದ್ಯೆ ತೋರಿಸುವ ಸಂದರ್ಭ. ವರ್ಡ್ ಕಡತಗಳನ್ನೆಲ್ಲ ಒಂದೇ ಸಾಲಿನ ಆಜ್ಞೆಯಲ್ಲಿ, ಲಿಬ್ರೆ ಆಫೀಸಿನ ಕಿಟಕಿಯನ್ನೂ ತೆರೆಯದೆ, ಬರೀ ಪಠ್ಯವಾಗಿ ಬದಲಾಯಿಸಿದೆ. ಗ್ರೆಪ್ ಹಾಕಿದೆ. ಗೀಟು ಮಿಣುಕಿತು. ಉತ್ತರ ಇಲ್ಲ. ಮಾವ ಕನ್ನಡಕ ಏರಿಸಿ, “ಕರೆಂಟ್ ಅದಾ?” ಎಂದರು. ಓದಿದವರೂ ಹೀಗೆ.

ಕಡತ ತೆರೆದು ನೋಡಿದರೆ ಒಳಗೆ ಕನ್ನಡವೇ ಇರಲಿಲ್ಲ. ಮಾವ ಟೈಪಿಸಿದ್ದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಕೆ. ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ ನಾಡಿನ ಕಚೇರಿಗಳು, ಮುದ್ರಣಾಲಯಗಳು, ಮೇಷ್ಟ್ರುಗಳು ಕನ್ನಡ ಟೈಪು ಕಲಿತದ್ದು ಆ ಕಾಲದಲ್ಲೇ. ಅದರ ಉಪಕಾರ ದೊಡ್ಡದು. ಆದರೆ ಆ ಹಳೆಯ ಏರ್ಪಾಡಿನಲ್ಲಿ ಕಣ್ಣಿಗೆ ಕಾಣುವ ‘ಕ’, ಯಂತ್ರದ ಮಟ್ಟಿಗೆ ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಓರೆಗೀಟು ಹೊತ್ತ ಒಂದು ಎ. ಫಾಂಟು ಆ ಜೋಡಿಗೆ ‘ಕ’ದ ವೇಷ ಹಾಕಿಸುತ್ತದೆ, ಅಷ್ಟೇ. ವೇಷ ಕಳಚಿದ ಪಠ್ಯದಲ್ಲಿ ನಾನು ಕನ್ನಡದ ಚಿಕ್ಕಲ್ಲೂರನ್ನು ಹುಡುಕಿದರೆ ಗ್ರೆಪ್ ಪಾಪ ಎಲ್ಲಿಂದ ತಂದೀತು? ಇವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಅವುಗಳಿಂದ ಮಾಡಿಸಿದೆ. ಹೆಚ್ಚುಕಮ್ಮಿ ಎಲ್ಲ ಸರಿಬಂತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ಅದರ ‘ರ್’ ಮೊದಲು ಬರಬೇಕು. ಅಲ್ಲಲ್ಲಿ ಸೂರ್ಯನೇ ಎಡವಿದ. ನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಕ್ಯಾಸೆಟ್ ನಂಬರು, ಊರಿನ ಹೆಸರುಗಳೆಲ್ಲ ಕನ್ನಡ ಲಿಪಿಯ ಅನರ್ಥಗಳಾಗಿ ಮಾರ್ಪಟ್ಟವು. ಅವನ್ನು ಮಾವ ಕೂತು ತಿದ್ದಿದರು. ಆಮೇಲೆ ಗ್ರೆಪ್ ಹಾಕಿದರೆ ಚಿಕ್ಕಲ್ಲೂರು ಸಾಲುಸಾಲಾಗಿ ಇಳಿದು ಬಂತು. ಅಡ್ಡಗೆರೆ ಎನ್ ಸೇರಿಸಿದ್ದರಿಂದ ಪ್ರತಿ ಸಾಲಿನ ಸಂಖ್ಯೆಯೂ ಜೊತೆಗೆ. ಮಾವ ಮಾತಾಡಲಿಲ್ಲ, ಚೀಟಿಯಲ್ಲಿ ಬರೆದುಕೊಳ್ಳುತ್ತ ಹೋದರು.

ಮಾವ ಈಚೆಗೆ ಟೈಪಿಸಿದ ಕಡತಗಳು ಯೂನಿಕೋಡಿನವೇ. ಅಲ್ಲಿ ಬೇರೆ ತಾಪತ್ರಯ. ಮಾವನಿಗೆ ಹಾಡಿನ ಮೊದಲ ಸಾಲನ್ನು ಪೂರ್ತಿ ಕಡತದ ಹೆಸರಾಗಿ ಇಡುವ ಚಾಳಿ. ವಿಂಡೋಸ್ ಅದನ್ನು ನುಂಗಿಕೊಂಡಿತ್ತು. ನನ್ನ ಲಿನಕ್ಸಿಗೆ ನಕಲು ಮಾಡುವಾಗ ಹೆಸರು ತೀರಾ ಉದ್ದವಾಯಿತು ಎಂದು ಗೊಣಗಿತು. ಲಿನಕ್ಸಿನಲ್ಲಿ ಒಂದು ಹೆಸರಿಗೆ ಇರುವ ಮಿತಿ 255 ಬೈಟು. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಒಂದೊಂದು ಗುರುತಿಗೂ ಮೂರು ಬೇಕು. ಮೂರರಿಂದ ಭಾಗಿಸಿದರೆ ನಮಗೆ ಸಿಗುವುದು 85. ಅದರಲ್ಲೂ ಕಾಗುಣಿತದ ಕೊಂಬು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ‘ಮುಳ್ಳೂರು’ ಎಂದು ಬರೆದು ‘ಡಬ್ಲ್ಯುಸಿ’ ಎಂಬ ಎಣಿಸುವ ಆಜ್ಞೆಗೆ ಕೊಟ್ಟು ನೋಡಿದೆ. ನಮ್ಮ ಕಣ್ಣಿಗೆ ಮೂರಕ್ಷರದ ಊರು. ಗುರುತುಗಳ ಲೆಕ್ಕದಲ್ಲಿ 8, ಬೈಟಿನ ಲೆಕ್ಕದಲ್ಲಿ 24. ಮೂರು ಬೀದಿಯ ಊರಿಗೆ ಇಷ್ಟು ತೂಕವಿದೆ ಎಂದು ಅಲ್ಲಿಯ ತನಕ ಗೊತ್ತಿರಲಿಲ್ಲ.

ಈ ಮೂರು ಬೈಟಿನ ಏರ್ಪಾಡಿನ ಹೆಸರು ಯುಟಿಎಫ್ 8. ಅದನ್ನು ರೂಪಿಸಿದವರು ಇಬ್ಬರು, 1992ರ ಸೆಪ್ಟೆಂಬರಿನ ಒಂದು ಸಂಜೆ, ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ಊಟದ ಮೇಜಿನ ಹಾಸುಕಾಗದದ ಮೇಲೆ. ಒಬ್ಬರು ರಾಬ್ ಪೈಕ್. ಇನ್ನೊಬ್ಬರು ಅದೇ ಕೆನ್ ಥಾಂಪ್ಸನ್: ಗ್ರೆಪ್ ಬರೆದವರೂ ಅವರೇ, ಒಂದು ರಾತ್ರಿಯಲ್ಲಿ ಪೈಪು ಹೂತವರೂ ಅವರೇ. ಸಿದ್ದಪ್ಪಾಜಿಯ ಹಾಡಿನಲ್ಲಿ ಚಿಕ್ಕಲ್ಲೂರು ಹುಡುಕಿಕೊಟ್ಟ ಅಷ್ಟೂ ಕೊಳಾಯಿ ಕೆಲಸ ಒಬ್ಬ ಮನುಷ್ಯನ ಕೈ ದಾಟಿ ಬಂದದ್ದು. ಮಾವನಿಗೆ ಹೇಳಿದೆ. “ಅವ್ರಿಗ ನಮ್ ಕನ್ನಡ ಬತ್ತದಾ?” ಎಂದು ಕೇಳಿದರು. ಇಲ್ಲ ಎಂದೆ. “ಮತ್ತ ಅಷ್ಟ್ ಚೆನ್ನಾಗ್ ಹ್ಯಾಗ್ ಮಾಡುದ್ರು?” ಎಂದರು. ಎಲ್ಲ ಭಾಷೆಗೂ ಒಂದೇ ಸಲ ಮಾಡಿದರಲ್ಲ, ಅದಕ್ಕೇ ಚೆನ್ನಾಗಿದೆ ಎಂದು ನನ್ನ ಅಭಿಪ್ರಾಯ, ಮಾವನಿಗೆ ಒಪ್ಪಿಗೆಯಾಗಲಿಲ್ಲ. ಕಪ್ಪು ಪರದೆಯಲ್ಲಿ ಈಗಲೂ ಕನ್ನಡದ ಒತ್ತುಗಳು ಚೆದುರಿ, ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಾಣುವುದನ್ನು ತೋರಿಸಿ, “ಇದೇನ್ ಚೆಂದ?” ಎಂದರು. ಅವರ ಆಕ್ಷೇಪಣೆ ನ್ಯಾಯವೇ. ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಚೌಕ ಕೊಡುವ ಪರದೆಯಲ್ಲಿ ನಮ್ಮ ‘ರ’ ಮತ್ತು ‘ಯೌ’ ಒಂದೇ ಸೈಜಿನ ಅಂಗಿ ತೊಡಬೇಕು. ಹುಡುಕುವುದು ಅಲ್ಲಿ ಮಾಡಿ, ಓದುವುದು ಬೇರೆ ಕಡೆ ಓದಿ ಎಂದು ರಾಜಿಯಾದೆವು.

ನುಡಿಯಲ್ಲೋ ‘ಬರಹ’ ತಂತ್ರಾಂಶದಲ್ಲೋ ಹಳೆಯ ಫಾಂಟಿನಲ್ಲಿ ಟೈಪಿಸಿಟ್ಟ ಕತೆ, ಹಾಡು, ವಂಶಾವಳಿ, ಸಂಘದ ವರದಿ ನಿಮ್ಮ ಮನೆಯ ಪೆನ್‌ಡ್ರೈವಿನಲ್ಲೂ ಇರಬಹುದು. ದಯವಿಟ್ಟು ಹೊರಗೆ ತೆಗೆದು ಯೂನಿಕೋಡಿಗೆ ತಿರುಗಿಸಿ. ನಕಲಿಗೆ ‘ಆರ್‌ಸಿಂಕ್’ ಬಳಸಿ. ಮೊದಲು ಅಡ್ಡಗೆರೆ ಎನ್ ಸೇರಿಸಿದರೆ ಅದು ಏನನ್ನೂ ಮುಟ್ಟದೆ, ಏನೇನು ಮಾಡಲಿದೆ ಎಂದು ಮಾತ್ರ ಹೇಳುತ್ತದೆ. ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಪರಿವರ್ತಕ ಎಷ್ಟೇ ಒಳ್ಳೆಯದಿದ್ದರೂ ಅರ್ಕಾವತ್ತಿನಲ್ಲಿ ಎಡವುತ್ತದೆ, ಆದ್ದರಿಂದ ಹಳೆಯ ಅಸಲು ಕಡತಗಳನ್ನು ಮಾತ್ರ ಅಳಿಸಬೇಡಿ.